ಐರ್‌ಲ್ಯಾಂಡಿನ ಹಳ್ಳಿಮನೆ ಕಟ್ಟುವ ಕ್ರಮ: ಮೊದಲು ಮರ ಅಳೀರಿ, ಪ್ಲಾನ್ ಆಮೇಲೆ

ತೋಟದ ಮೂಲೆಯಲ್ಲಿ ಹುಲ್ಲಿನ ಮಾಡಿನ ಒಂದು ಸಣ್ಣ ಮನೆ ಕಟ್ಟಬೇಕು ಅಂತ ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ತುಂಬಾ ಜನಕ್ಕೆ ಮನಸ್ಸುಂಟು, ಕೆಲವರಿಗೆ ಹೋಮ್‌ಸ್ಟೇ ಲೆಕ್ಕಾಚಾರ, ಇನ್ನು ಕೆಲವರಿಗೆ ಸುಮ್ಮನೆ ಒಂದು ಹುಚ್ಚು. ಫೋನಲ್ಲಿ ಐರ್‌ಲ್ಯಾಂಡಿನ ಮನೆ ಫೋಟೋ ತೋರಿಸ್ತಾರೆ, ಬಿಳಿ ಗೋಡೆ, ದಪ್ಪ ಹುಲ್ಲಿನ ಮಾಡು, ಕೆಂಪು ಅರೆಬಾಗಿಲು, "ಇದೇ ತರ ಆಗ್ಬೇಕು" ಅಂತ ಮೇಸ್ತ್ರಿ ಹತ್ರ ಹೇಳ್ತಾರೆ, ಮೇಸ್ತ್ರಿ ಸರಿ ಸರಿ ಅಂತ ಹಾಲೋಬ್ಲಾಕ್ ಗೋಡೆ ಎಬ್ಬಿಸಿ ಮೇಲೆ ಸ್ಲ್ಯಾಬ್ ಹಾಕಿ ಅದಕ್ಕೆ ಪ್ಲಾಸ್ಟಿಕ್ ಹುಲ್ಲು ಸಿಕ್ಕಿಸಿ ಕೊಡ್ತಾರೆ. ಮೇಸ್ತ್ರಿದು ತಪ್ಪು ಅಂತ ನಾನು ಹೇಳೋದಿಲ್ಲ. ಆ ಮನೆ ಹೊರಗಿಂದ ಹೇಗೆ ಕಾಣ್ತದೆ ಅಂತ ಎಲ್ಲರಿಗೂ ಗೊತ್ತುಂಟು, ಯಾವುದು ಮೊದಲು ಯಾವುದು ಆಮೇಲೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಅದನ್ನೇ ಇಲ್ಲಿ ಬರೀತಿದ್ದೇನೆ, ಜೊತೆಗೆ ನಮ್ಮ ಮಳೆಗೆ ಯಾವುದು ಆಗ್ತದೆ ಯಾವುದು ಆಗೋದಿಲ್ಲ ಅಂತಾನೂ.

ಹಳ್ಳಿಮನೆ ಅಂದ್ರೆ ಇಲ್ಲಿ ಮುಖ್ಯವಾಗಿ 18-19ನೇ ಶತಮಾನದಲ್ಲಿ ರೈತರು, ಕೂಲಿಯವರು ತಾವೇ ಕಟ್ಟಿಕೊಂಡ ಮನೆ, ಜಮೀನ್ದಾರರ ಬಂಗಲೆ ಅಲ್ಲ. ಇಂಜಿನಿಯರ್ ಇಲ್ಲ, ಡ್ರಾಯಿಂಗ್ ಇಲ್ಲ, ದುಡ್ಡು ಕೊಟ್ಟು ತಂದ ಸಾಮಾನು ಕೂಡ ತುಂಬಾ ಕಡಿಮೆ. ನಮ್ಮಲ್ಲಿ ಮುಯ್ಯಾಳು ಇದ್ದ ಹಾಗೆ ಅಲ್ಲೂ ನೆರೆಹೊರೆಯವರೆಲ್ಲ ಸೇರಿ ಒಬ್ಬರದ್ದು ಮುಗಿಸಿ ಇನ್ನೊಬ್ಬರದ್ದಕ್ಕೆ ಹೋಗ್ತಿದ್ರು. ಫೋಟೋದಲ್ಲಿ ಚಂದ ಕಾಣ್ತದೆ ಅಂತ ಅವರೇನೂ ಆರಾಮಲ್ಲಿ ಇದ್ದದ್ದಲ್ಲ ಮಾರಾಯ್ರೆ. 1841ರ ಜನಗಣತಿಯಲ್ಲಿ ಮನೆಗಳನ್ನು ನಾಲ್ಕು ದರ್ಜೆ ಮಾಡಿದ್ರು, ಕೊನೇ ದರ್ಜೆ ಅಂದ್ರೆ ಒಂದೇ ಕೋಣೆಯ ಮಣ್ಣಿನ ಗುಡಿಸಲು, ದೇಶದ ಮನೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಅದೇ. 1845ರಲ್ಲಿ ಆಲೂಗಡ್ಡೆಗೆ ರೋಗ ಬಂದು ಕ್ಷಾಮ ಆಯ್ತಲ್ಲ, ಆಮೇಲೆ 1851ರ ಲೆಕ್ಕಕ್ಕೆ ಬಂದಾಗ ಆ ಗುಡಿಸಲುಗಳು ಮೂರರಲ್ಲೊಂದು ಪಾಲೂ ಉಳಿದಿರಲಿಲ್ಲ. ಒಳಗಿದ್ದವರು ಸತ್ತರು, ಹಡಗು ಹತ್ತಿದರು, ಇಲ್ಲಾ ಬಾಡಿಗೆ ಕಟ್ಟದೆ ಹೊರದಬ್ಬಿಸಿಕೊಂಡರು. ಇವತ್ತು ನಾವು ನೋಡುವ ಫೋಟೋ ಹೆಚ್ಚಾಗಿ ಅದಕ್ಕಿಂತ ಸ್ವಲ್ಪ ಸ್ಥಿತಿವಂತರ ಮನೆ, ಎರಡು ಮೂರು ಕೋಣೆ ಇದ್ದದ್ದು. ನಾವು ಕಲಿಯೋದೂ ಅದರಿಂದಾನೇ.

ಈಗ ಕೆಲಸಕ್ಕೆ ಬರೋಣ.

ಮರ ಎಷ್ಟು ಉದ್ದ ಉಂಟು?

ಪ್ಲಾನ್ ಬಿಡಿಸೋ ಮೊದಲು ಟೇಪ್ ಹಿಡ್ಕೊಂಡು ಮರ ಅಳೀರಿ. ಐರ್‌ಲ್ಯಾಂಡಲ್ಲಿ ಕಾಡೆಲ್ಲ ಕಡಿದು ಮುಗಿದು ಹೋಗಿತ್ತು, ಬಡವರಿಗೆ ಉದ್ದ ಮರ ಸಿಗ್ತಾನೇ ಇರಲಿಲ್ಲ. ಜೌಗು ನೆಲದ ಅಡಿಯಲ್ಲಿ ಸಾವಿರಾರು ವರ್ಷದಿಂದ ಹೂತು ಕಪ್ಪಾದ ಓಕ್, ಪೈನ್ ಮರ ಅಗೆದು ತೆಗೀತಿದ್ರು, ಕಡಲ ಬದಿಯವರಾದ್ರೆ ತೆರೆಯಲ್ಲಿ ಬಂದು ಬಿದ್ದ ಮರ ಎತ್ತಿಕೊಳ್ತಿದ್ರು. ಸಿಕ್ಕಿದ್ದಷ್ಟಕ್ಕೇ ಮನೆ. ಹಾಗಾಗಿ ಆ ಮನೆಗಳ ಒಳಗಿನ ಅಗಲ ಹೆಚ್ಚುಕಡಿಮೆ 12ರಿಂದ 16 ಅಡಿ ಒಳಗೇ ನಿಲ್ತದೆ. ಅಗಲಕ್ಕೆ ಒಂದೇ ಕೋಣೆ, ಆ ಗೋಡೆಯಿಂದ ಈ ಗೋಡೆವರೆಗೆ. ಸಂಸಾರ ದೊಡ್ಡದಾದ್ರೆ ಉದ್ದಕ್ಕೆ ಇನ್ನೊಂದು ಕೋಣೆ ಸೇರಿಸೋದು, ಇಲ್ಲಾ ಮೇಲೆ ಅಟ್ಟ ಮಾಡೋದು, ಅಗಲಕ್ಕೆ ಮಾತ್ರ ಯಾವತ್ತೂ ಹೋಗೋ ಹಾಗಿಲ್ಲ. ಮಧ್ಯ ಕಾರಿಡಾರೂ ಇಲ್ಲ, ಒಂದು ಕೋಣೆ ದಾಟಿಯೇ ಇನ್ನೊಂದಕ್ಕೆ ಹೋಗ್ಬೇಕು. ಆ ಮನೆಗೆ ಆ ಚಂದದ ಅಳತೆ ಬಂದದ್ದು ಇದರಿಂದಾನೇ. ಇದನ್ನು ಬಿಟ್ಟು 25 ಅಡಿ ಅಗಲದ ಹಾಲ್ ಮಾಡಿ ಮೇಲೆ ಹುಲ್ಲು ಹಾಕಿದ್ರೆ ಅದು ಮದುವೆ ಚಪ್ಪರದ ಹಾಗೆ ಕಾಣ್ತದೆ, ಮನೆ ಹಾಗೆ ಅಲ್ಲ.

ಲೆಕ್ಕ ಹೀಗೆ. ಒಳಗೆ 13 ಅಡಿ, ಎರಡು ಬದಿ ಗೋಡೆ ತಲಾ 2 ಅಡಿ, ಒಟ್ಟು ಹೊರಗಿನ ಅಗಲ 17 ಅಡಿ. ಹುಲ್ಲಿನ ಮಾಡಿಗೆ ಇಳಿಜಾರು 45 ಡಿಗ್ರಿಗಿಂತ ಕಡಿಮೆ ಇಡ್ಲೇಬಾರ್ದು, ನೀರು ಹುಲ್ಲಿನ ಒಳಗೆ ಇಳಿಯೋ ಮೊದಲು ಜಾರಿ ಹೋಗ್ಬೇಕಲ್ಲ. ಅಷ್ಟು ಇಳಿಜಾರಿಗೆ ಹೊರಗೋಡೆ ಅಂಚಿಂದ ನೆತ್ತಿವರೆಗೆ ಒಂದೊಂದು ಪಕ್ಕಾಸು, ಅಂದ್ರೆ ಮಾಡು ಹೊರುವ ಓರೆ ಮರ, 12 ಅಡಿ ಬೇಕು. ಐರ್‌ಲ್ಯಾಂಡಲ್ಲಿ ಅಷ್ಟಕ್ಕೇ ಮುಗೀತು. ನಮ್ಮಲ್ಲಿ ಗೋಡೆಯಿಂದ ಆಚೆ 3 ಅಡಿಯಾದ್ರೂ ಮಾಡು ಚಾಚಬೇಕು, ಆಗ ಪಕ್ಕಾಸು 16 ಅಡಿ ದಾಟ್ತದೆ. ಮತ್ತೆ ಇನ್ನೊಂದು, ಅದೇ ಇಳಿಜಾರಲ್ಲಿ 3 ಅಡಿ ಚಾಚಿದ್ರೆ ಅಂಚು 3 ಅಡಿ ಕೆಳಗೆ ಬರ್ತದೆ, ಗೋಡೆ 7 ಅಡಿ ಇದ್ರೆ ಅಂಚು ನೆಲದಿಂದ ಬರೀ 4 ಅಡಿ. ಹಿಂದೆ ನಮ್ಮ ಮುಳಿಹುಲ್ಲಿನ ಮನೆಗಳಿಗೆ ಬಗ್ಗಿಕೊಂಡೇ ಹೋಗ್ತಿದ್ದದ್ದು ಇದೇ ಕಾರಣಕ್ಕೆ. ಹೋಮ್‌ಸ್ಟೇಗೆ ಬಂದವರು ತಲೆ ಬಡ್ಕೊಳ್ಬಾರ್ದು ಅಂತಿದ್ರೆ ಗೋಡೆ 9 ಅಡಿ ಎಬ್ಬಿಸಿ, ಇಲ್ಲಾ ಜಗಲಿಗೆ ಬೇರೆಯಾಗಿ ಒಂದು ಹಂಚಿನ ಇಳಿಮಾಡು ಕೊಡಿ. ಎರಡನೇದು ನನಗೆ ಹೆಚ್ಚು ಸರಿ ಕಾಣ್ತದೆ, ಹಂಚಿಗೆ ಅಷ್ಟು ಕಡಿದಾದ ಇಳಿಜಾರು ಬೇಡ.

ಜಾಗ

ಅಲ್ಲಿ ಗಾಳಿ ಬರೋದು ಪಡುಗಡಲಿಂದ, ಮಳೆಯೂ ಅದರ ಜೊತೆಗೇ ಅಡ್ಡಡ್ಡ ಬರ್ತದೆ. ಹಾಗಾಗಿ ಗುಡ್ಡೆಯ ನೆತ್ತಿ ಬಿಟ್ಟು, ತೀರಾ ತಗ್ಗು ಬಿಟ್ಟು, ಮಧ್ಯ ಇಳಿಜಾರಲ್ಲಿ ಗಾಳಿ ಮರೆಯ ಜಾಗ ನೋಡ್ತಿದ್ರು. ತುಂಬಾ ಕಡೆ ಮನೆಯ ಉದ್ದವನ್ನು ಇಳಿಜಾರಿನ ದಿಕ್ಕಿಗೇ ಇಟ್ಟು, ದನ ಕಟ್ಟೋದು ಕೆಳಗಿನ ತುದಿಯಲ್ಲಿ. ಹೌದು, ದನ ಮನೆಯೊಳಗೇ. ಪಶ್ಚಿಮ ಮತ್ತು ಉತ್ತರದ ಕಡೆ ಒಂದೇ ಮಾಡಿನ ಅಡಿಯಲ್ಲಿ ಒಂದು ತುದಿ ಜನ, ಇನ್ನೊಂದು ತುದಿ ದನ, ನಡುವೆ ಗಂಜಲ ಹರಿದು ಹೋಗೋಕೆ ಒಂದು ಚರಂಡಿ. ಚಳಿಗೆ ದನದ ಮೈ ಬಿಸಿಯೂ ಉಪಯೋಗಕ್ಕೆ ಬಂತು. ನಮಗೆ ಇದು ಬೇಡ, ಹಟ್ಟಿ ಬೇರೇನೇ ಇರ್ಲಿ, ಆದ್ರೆ ಇಳಿಜಾರಿನ ಲೆಕ್ಕ ಮಾತ್ರ ಅಲ್ಲಿಂದ ತಗೊಳ್ಳಿ, ಬಚ್ಚಲು ಕೆಳಗಿನ ತುದಿಗೆ ಬರೋ ಹಾಗೆ. ಗುಡ್ಡೆ ಬದಿಯಿಂದ ಬರೋ ನೀರಿಗೆ ಮನೆ ಹಿಂದೆ ಕಣಿ ತೋಡೋದು ಅಲ್ಲೂ ಇತ್ತು, ಇಲ್ಲಿ ಅದಿಲ್ಲದೆ ಜೂನ್ ದಾಟೋಕೆ ಆಗೋದಿಲ್ಲ.

ಮನೆ ಕೆಲಸ ಶುರು ಮಾಡೋ ಮೊದಲು ನಾವು ಕುತ್ತಿ ಪೂಜೆ ಮಾಡಿದ ಹಾಗೆ ಅವರದ್ದೂ ಒಂದು ಶಾಸ್ತ್ರ ಇತ್ತು. ನಾಲ್ಕು ಮೂಲೆಗೆ ರಾತ್ರಿ ಕಲ್ಲೋ ಕೋಲೋ ಇಟ್ಟು ಬೆಳಿಗ್ಗೆ ನೋಡೋದು, ಅಲುಗಿದ್ರೆ ಅದು ಕಿನ್ನರರು ಓಡಾಡೋ ದಾರಿ ಅಂತ ಜಾಗ ಬದಲಾಯಿಸೋದು. ಪಡುವಣ ಬದಿಗೆ ಮನೆ ಬೆಳೆಸಬಾರ್ದು ಅನ್ನೋ ನಂಬಿಕೆಯೂ ಇತ್ತು. ಗಾಳಿ ಬರೋ ದಿಕ್ಕೇ ಅದು, ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಅಂತ ನನ್ನ ಲೆಕ್ಕ.

ಗೋಡೆ

ಪಶ್ಚಿಮದಲ್ಲಿ ಕಲ್ಲು ಬೇಕಾದಷ್ಟು, ಅಲ್ಲಿ ಕಲ್ಲಿನ ಗೋಡೆ. ಪೂರ್ವ ಮತ್ತು ಆಗ್ನೇಯದಲ್ಲಿ, ವೆಕ್ಸ್‌ಫರ್ಡ್ ಕಡೆ, ಒಳ್ಳೆ ಜೇಡಿ ಮಣ್ಣು, ಅಲ್ಲಿ ಮಣ್ಣಿನ ಗೋಡೆ. ಎರಡೂ ಸುಮಾರು 2 ಅಡಿ ದಪ್ಪ, ಕೆಲವು ಇನ್ನೂ ಹೆಚ್ಚು.

ಮಣ್ಣಿನದ್ದು ಹೇಗೆ ಅಂದ್ರೆ, ಮೇಲ್ಮಣ್ಣು ಸರಿಸಿ ಅಡಿಯ ಜೇಡಿ ಅಗೀಬೇಕು, ದೊಡ್ಡ ಕಲ್ಲು ಆರಿಸಬೇಕು, ನೀರು ಹಾಕಿ ಕತ್ತರಿಸಿದ ಹುಲ್ಲು ಸೇರಿಸಿ ಕಾಲಲ್ಲೋ ದನ ಕುದುರೆ ಬಿಟ್ಟೋ ತುಳಿಸಬೇಕು, ಆಮೇಲೆ ಕೆಲವು ದಿನ ಹಾಗೇ ಹದಕ್ಕೆ ಬಿಡಬೇಕು. ಗೋಡೆಯ ಬುಡಕ್ಕೆ ಕಲ್ಲಿನ ಪಂಚಾಂಗ, ಅಂದ್ರೆ ತಳದ ಕಟ್ಟು, ನೆಲದಿಂದ ಒಂದು ಅಡಿಗಿಂತ ಮೇಲೆ. ಅದರ ಮೇಲೆ ಕವಲುಗೋಲಿನಲ್ಲಿ ಮಣ್ಣು ಎತ್ತಿ ಹಾಕಿ ತುಳಿದು ಒಂದೆರಡು ಅಡಿ ಎತ್ತರದ ಒಂದು ಪದರ. ಪಕ್ಕಕ್ಕೆ ಹಲಗೆ ಇಲ್ಲ, ಅಚ್ಚು ಇಲ್ಲ. ಅದು ಒಣಗಿ ಗಟ್ಟಿಯಾದ ಮೇಲೇ ಮುಂದಿನ ಪದರ, ಅವಸರ ಮಾಡಿದ್ರೆ ಹೊಟ್ಟೆ ಉಬ್ಬಿ ಕೂತುಬಿಡ್ತದೆ. ಹೊರಗೆ ಚಾಚಿದ್ದನ್ನು ಹರಿತದ ಗುದ್ದಲಿಯಲ್ಲಿ ಮೇಲಿಂದ ಕೆಳಗೆ ಸವರಿ ಸಮ ಮಾಡೋದು. ಬಾಗಿಲು ಕಿಟಕಿ ಬರೋ ಕಡೆ ಮರದ ಅಡ್ಡಪಟ್ಟಿ ಮೊದಲೇ ಕೂರಿಸಿ, ಗೋಡೆ ಪೂರ್ತಿ ಎದ್ದ ಮೇಲೆ ಅಡಿಯ ಮಣ್ಣು ಕಡಿದು ತೆಗೆಯೋದೂ ಇತ್ತು. ಮೂಲೆಗಳು ಸ್ವಲ್ಪ ದುಂಡಗೆ ಇರ್ತವೆ, ಚೂಪು ಮೂಲೆ ಮಣ್ಣಲ್ಲಿ ಬೇಗ ಉದುರ್ತದೆ ಅಂತ.

ಕಲ್ಲಿನದ್ದಾದ್ರೆ ಒಳಗೊಂದು ಮುಖ ಹೊರಗೊಂದು ಮುಖ, ನಡುವೆ ಚೂರು ಕಲ್ಲು ಮತ್ತು ಮಣ್ಣು ತುಂಬೋದು, ಅಲ್ಲಲ್ಲಿ ಎರಡೂ ಮುಖ ಹಿಡಿದಿಡೋಕೆ ಅಡ್ಡಕ್ಕೆ ಉದ್ದ ಕಲ್ಲು. ಆ ಅಡ್ಡಕಲ್ಲು ಮರೆತ್ರೆ ಸ್ವಲ್ಪ ವರ್ಷದಲ್ಲಿ ಎರಡು ಮುಖ ಬೇರೆ ಬೇರೆ ದಾರಿ ಹಿಡೀತವೆ.

ಕಾಸರಗೋಡಲ್ಲಿ ನಾನಾದ್ರೆ ಹುಲ್ಲು ಕಲಸಿದ ಮಣ್ಣಿನ ಗೋಡೆಗೆ ಹೋಗೋದಿಲ್ಲ. ಐರ್‌ಲ್ಯಾಂಡಲ್ಲಿ ಒರಲೆ ಇಲ್ಲ, ನಮ್ಮಲ್ಲಿ ಒರಲೆ ಇಲ್ಲದ ಜಾಗ ಇಲ್ಲ. ಕೆಂಪುಕಲ್ಲು ಇಷ್ಟು ಹತ್ತಿರ ಸಿಗುವಾಗ ಯಾಕೆ ಕಷ್ಟ? ಕೋರೆಯಿಂದ ಬಂದ ಕಲ್ಲನ್ನು ಒಂದೊಂದಾಗಿ ನೋಡಿ, ಬಿಳಿ ಜೇಡಿ ತುಂಬಿದ ತೂತು ಹೆಚ್ಚಿರೋದು, ಉಗುರಲ್ಲಿ ಕೆರೆದ್ರೆ ಪುಡಿ ಬರೋದು ಪಂಚಾಂಗಕ್ಕೆ ಬೇಡ. ಪಂಚಾಂಗ 2 ಅಡಿ ಎತ್ತರ ಇರ್ಲಿ, ಮೇಲೆ ಕಲ್ಲನ್ನು ಮಣ್ಣು ಸುಣ್ಣದ ಗಾರೆಯಲ್ಲಿ ಎರಡು ಸಾಲು ಕೂರಿಸಿ, ಅಡ್ಡಕಲ್ಲಿನ ಲೆಕ್ಕ ಐರ್‌ಲ್ಯಾಂಡಿನದ್ದೇ. ಸಿಮೆಂಟ್ ಇಲ್ಲದೆ ನಿಲ್ತದಾ ಅಂತ ಕೇಳೋರಿಗೆ ಬೇಕಲ ಕೋಟೆಗೆ ಒಂದು ಸಲ ಹೋಗಿ ಬನ್ನಿ ಅಂತೇನೆ, 17ನೇ ಶತಮಾನದಲ್ಲಿ ಕೆಳದಿಯವರು ಕಟ್ಟಿಸಿದ್ದು, ಕಡಲ ಉಪ್ಪು ಗಾಳಿ ತಿನ್ತಾ ನಿಂತುಂಟು.

ಕಿಟಕಿ ಅಲ್ಲಿ ತೀರಾ ಸಣ್ಣ, ಕಡಿಮೆ. ಚಳಿ ಗಾಳಿ ಒಳಗೆ ಬರಬಾರ್ದಲ್ಲ. ಇದನ್ನು ನಕಲು ಮಾಡಿದ್ರೆ ಏಪ್ರಿಲ್‌ನಲ್ಲಿ ಒಳಗೆ ಬೆಂದು ಹೋಗ್ತೀರಿ. ಆದ್ರೆ ಎದುರುಬದುರು ಎರಡು ಬಾಗಿಲು ಇಡೋ ಕ್ರಮ ಮಾತ್ರ ಖಂಡಿತ ತಗೊಳ್ಳಿ. ಅವರು ಗಾಳಿ ಹೊಡೆಯೋ ಬದಿ ಮುಚ್ಚಿ ಮರೆಯ ಬದಿ ತೆರೀತಿದ್ರು, ಎರಡೂ ತೆರೆದಿಟ್ಟು ಆ ಗಾಳಿಗೆ ಧಾನ್ಯ ತೂರೋದೂ ಇತ್ತು. ನಮಗೆ ಸೆಕೆಗೆ ಅದೇ ಗಾಳಿ ಸಾಕು. ಅರೆಬಾಗಿಲು ಕೂಡ ಒಳ್ಳೇದು, ಕೋಳಿ ನಾಯಿ ಒಳಗೆ ಬರೋದಿಲ್ಲ, ಮಕ್ಕಳು ಹೊರಗೆ ಓಡೋದಿಲ್ಲ, ಬೆಳಕು ಗಾಳಿ ಬರ್ತಾನೇ ಇರ್ತದೆ.

ಒಲೆ

ಆ ಮನೆಯ ನಡುಮಧ್ಯ ಇರೋದು ದೇವರ ಕೋಣೆ ಅಲ್ಲ, ಬೆಂಕಿ. ಜೌಗು ನೆಲದಿಂದ ಇಟ್ಟಿಗೆ ಆಕಾರದಲ್ಲಿ ಕಡಿದು ಒಣಗಿಸಿದ ಪೀಟ್ ಮಣ್ಣೇ ಸೌದೆ. ಒಲೆ ಎಲ್ಲಿ, ಬಾಗಿಲು ಎಲ್ಲಿ ಅನ್ನೋದರ ಮೇಲೆ ಆ ದೇಶದ ಮನೆಗಳನ್ನು ಎರಡು ಜಾತಿ ಮಾಡ್ತಾರೆ. ಪಶ್ಚಿಮ ಉತ್ತರದ್ದು, ಅಡಿಗೆ ಕೋಣೆಗೆ ನೇರ ಬಾಗಿಲು, ಒಲೆ ಆಚೆ ತುದಿಯ ಗೋಡೆಗೆ. ಪೂರ್ವದ್ದು, ಬಾಗಿಲು ತೆರೆದ ಕೂಡ್ಲೇ ಎದುರಿಗೆ ಒಂದು ಸಣ್ಣ ಮರೆಗೋಡೆ, ಅದರ ಹಿಂದೆ ಒಲೆ, ಆ ಗೋಡೆಯಲ್ಲಿ ಕೈಯಗಲದ ಒಂದು ಇಣುಕು ಕಿಟಕಿ, ಒಲೆ ಹತ್ರ ಕೂತ ಅಜ್ಜಿ ಏಳದೇನೇ ಯಾರು ಬಂದ್ರು ಅಂತ ನೋಡ್ಬಹುದು. ವಾಯವ್ಯದ ಕಡೆ ಒಲೆ ಪಕ್ಕದ ಗೋಡೆಯನ್ನೇ ಹೊರಗೆ ಚಾಚಿ ಅಲ್ಲಿ ಒಂದು ಹಾಸಿಗೆಯ ಗೂಡು, ಮುದುಕರಿಗೆ. ಬೆಂಕಿ ಆರಿಸೋದಿಲ್ಲ, ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಬೆಳಿಗ್ಗೆ ಕೆದಕಿ ಎಬ್ಬಿಸೋದು.

ನಮಗೆ ಚಳಿಗೆ ಬೆಂಕಿ ಬೇಡ, ಆದ್ರೆ ಹೊಗೆ ಬೇಕು. ಹೊಗೆ ತಾಗಿದ ಪಕ್ಕಾಸಿಗೆ ಹುಳ ಹಿಡಿಯೋದು ಕಡಿಮೆ ಅಂತ ಹಳೆ ಅಡಿಗೆಮನೆ ಅಟ್ಟ ನೋಡಿದವರಿಗೆಲ್ಲ ಗೊತ್ತುಂಟು. ಸೌದೆ ಒಲೆ ಇಡೋದಾದ್ರೆ ಒಲೆ ಹಿಂದಿನ ಗೋಡೆಯನ್ನು ಕಲ್ಲಲ್ಲೇ ಮಾಡಿನ ನೆತ್ತಿವರೆಗೆ ಎಬ್ಬಿಸಿ, ಹೊಗೆಗೂಡು ನೆತ್ತಿಗಿಂತ ಸಾಕಷ್ಟು ಮೇಲೆ ಹೋಗ್ಲಿ. ಹುಲ್ಲಿಗೂ ಹೊಗೆಗೂಡಿಗೂ ನಡುವೆ ಒಂದು ಕಡ್ಡಿ ಮರವೂ ಬರಬಾರ್ದು. ಕರೆಂಟ್ ವಯರ್ ಗೋಡೆಯಲ್ಲೇ ನಿಲ್ಲಿಸಿ, ಮಾಡಿಗೆ ಹತ್ತಿಸ್ಬೇಡಿ.

ಮಾಡು

ಇಲ್ಲಿ ಸ್ವಲ್ಪ ನಿಧಾನ ಓದಿ, ಎಲ್ಲರೂ ಎಡವೋದು ಇಲ್ಲೇ.

ಪಕ್ಕಾಸು ಕೂರಿಸಿ ರೀಪು ಅಡ್ಡ ಹಾಕಿದ ಮೇಲೆ ನಾವು ನೇರ ಹುಲ್ಲು ಕಟ್ತೇವೆ. ಅವರು ತುಂಬಾ ಕಡೆ ಮೊದಲು ಮಣ್ಣಿನ ಹಾಸು ಹಾಕ್ತಿದ್ರು. ಹುಲ್ಲುಗಾವಲಿಂದ ಬೇರು ಸಮೇತ ತೆಳು ಪದರವನ್ನು, ಒಂದೆರಡು ಅಡಿ ಅಗಲ, ಗೋಡೆಯಿಂದ ನೆತ್ತಿ ಮುಟ್ಟುವಷ್ಟು ಉದ್ದಕ್ಕೆ ಕೊಯ್ದು, ಕೋಲಿಗೆ ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲೆ ಹೊತ್ತು ಬಿಡಿಸೋದು, ಹಗ್ಗದಲ್ಲಿ ಮರಕ್ಕೆ ಹೊಲಿಯೋದು. ಹುಲ್ಲಿನ ಕಡ್ಡಿ ಚುಚ್ಚಿದ್ರೆ ಕಚ್ಚಿ ಹಿಡಿಯೋಕೆ ಈ ಹಾಸು ಬೇಕು, ಚಳಿಗೂ ಒಳ್ಳೇದು. ನಮ್ಮ ಮಳೆಗೆ ಮಣ್ಣಿನ ಹಾಸು ನೀರು ಕುಡಿದು ಭಾರ ಆಗಿ ಪಕ್ಕಾಸು ಬಗ್ಗಿಸ್ತದೆ, ಇದನ್ನು ಬಿಟ್ಟುಬಿಡಿ, ಬದಲಿಗೆ ರೀಪು ಹತ್ತಿರ ಹತ್ತಿರ ಹಾಕಿ.

ಹುಲ್ಲು ಆ ಊರಲ್ಲಿ ಸಿಕ್ಕಿದ್ದು. ಗೋಧಿ, ಓಟ್ಸ್, ರೈ ಬೆಳೆಯುವ ಕಡೆ ಅದರ ಹುಲ್ಲು, ನದಿ ಬದಿ ಜೊಂಡು, ಕಡಲ ಬದಿ ಮರಳಲ್ಲಿ ಬೆಳೆಯೋ ಹುಲ್ಲು, ಉತ್ತರದಲ್ಲಿ ಅಗಸೆ ಗಿಡ ಕೂಡ. ಹಿಡಿಸೋ ಕ್ರಮ ಮುಖ್ಯವಾಗಿ ಎರಡು.

ಒಂದು, ಕಡ್ಡಿಯಲ್ಲಿ ಚುಚ್ಚೋದು. ಹೇಝಲ್ ಇಲ್ಲಾ ವಿಲೋ ಮರದ ಎಳೆ ಕೋಲು ಎರಡಡಿ ಉದ್ದಕ್ಕೆ ಕಡಿದು, ಸೀಳಿ, ಎರಡೂ ತುದಿ ಚೂಪು ಮಾಡಿ, ಮಧ್ಯಕ್ಕೆ ಕೈಯಲ್ಲಿ ಹಿಂಡಿ ತಿರುವಿ ಬಗ್ಗಿಸ್ತಾರೆ, ಹೆಂಗಸರ ಹೇರ್‌ಪಿನ್ ಆಕಾರ. ತಿರುವದೆ ಸುಮ್ಮನೆ ಬಗ್ಗಿಸಿದ್ರೆ ಟಕ್ ಅಂತ ಮುರೀತದೆ, ತಿರುವಿದ್ರೆ ನಾರು ಬಿಟ್ಟುಕೊಂಡು ಬಗ್ತದೆ. ಕೆಳಗಿನ ಅಂಚಿಂದ ಶುರು ಮಾಡಿ ಒಂದು ಸಾಲು ಹುಲ್ಲು ಇಟ್ಟು, ಅದರ ಮೇಲೆ ಅಡ್ಡಕ್ಕೊಂದು ಉದ್ದ ಕೋಲು ಇಟ್ಟು, ಆ ಕೋಲಿನ ಮೇಲೆ ಈ ಪಿನ್ನು ಹಾಕಿ ಒತ್ತೋದು. ಮೇಲಿನ ಸಾಲು ಬಂದಾಗ ಕೆಳಗಿನ ಪಿನ್ನೆಲ್ಲ ಮುಚ್ಚಿ ಹೋಗ್ಬೇಕು, ಹೊರಗೆ ಕಾಣೋದು ನೆತ್ತಿ ಮತ್ತು ಅಂಚಿನದ್ದು ಮಾತ್ರ. ಪಿನ್ನಿನ ಮೂತಿ ಒಳಗೆ ಹೋಗುವಾಗ ಸಮಕ್ಕೆ ಇಲ್ಲಾ ಸ್ವಲ್ಪ ಮೇಲ್ಮುಖ ಇರ್ಲಿ, ಕೆಳಮುಖ ಚುಚ್ಚಿದ್ರೆ ಅದೇ ಕಡ್ಡಿ ಹಿಡ್ಕೊಂಡು ನೀರು ಒಳಗೆ ಇಳೀತದೆ. ನಮ್ಮಲ್ಲಿ ಹೇಝಲ್ ಇಲ್ಲ, ಬಿದಿರಿನ ಸೀಳು ಸಾಕು, ಆದ್ರೆ ಎಳೆ ಬಿದಿರು ಬೇಡ, ಬಲಿತದ್ದನ್ನು ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಸೀಳಿ.

ಇನ್ನೊಂದು, ಹಗ್ಗದಲ್ಲಿ ಬಿಗಿಯೋದು, ಅಟ್ಲಾಂಟಿಕ್ ಕಡಲ ಬದಿಯದ್ದು. ನನ್ನ ಅತ್ತಿಗೆಯ ತಂಗಿ ಮಾಯೋ ಕೌಂಟಿಯಲ್ಲಿ ನರ್ಸ್ ಆಗಿದ್ದಾಳೆ, ಅವಳು ಕಳಿಸಿದ ವೀಡಿಯೋದಲ್ಲಿ ಇಂಥದ್ದೇ ಒಂದು ಮನೆ, ಮಾಡಿನ ಮೇಲೆಲ್ಲ ಬಲೆ ಹಾಕಿದ ಹಾಗೆ ಹಗ್ಗ, ಗೋಡೆ ಮೇಲ್ತುದಿಯಲ್ಲಿ ಸಾಲಾಗಿ ಹೊರಚಾಚಿದ ಕಲ್ಲಿನ ಗೂಟ, ಹಗ್ಗದ ತುದಿ ಅದಕ್ಕೆ ಸುತ್ತಿ ಕಟ್ಟಿದ್ದು. ಕೆಲವು ಕಡೆ ಗೂಟದ ಬದಲು ಹಗ್ಗಕ್ಕೆ ಕಲ್ಲೇ ನೇತು ಹಾಕ್ತಾರೆ. ಹಗ್ಗ ಹಿಂದೆ ಹುಲ್ಲಿನದ್ದೇ, ಒಬ್ಬ ಹುಲ್ಲು ಕೊಡ್ತಾ ಕೂತ್ಕೊಳ್ಳೋದು ಇನ್ನೊಬ್ಬ ಕೊಕ್ಕೆಕೋಲು ತಿರುಗಿಸ್ತಾ ಹಿಂದೆ ಹಿಂದೆ ಹೋಗೋದು, ನಮ್ಮಲ್ಲಿ ಅಕ್ಕಿಮುಡಿ ಬಿಗಿಯೋಕೆ ಬೈಹುಲ್ಲಿನ ಹಗ್ಗ ಹೊಸೆದವರು ಇದನ್ನು ನೋಡಿದ್ರೆ ಕೂಡ್ಲೇ ಮಾಡಿಯಾರು. ಮುಖ್ಯ ಏನಂದ್ರೆ ಇಂಥ ಮಾಡಿಗೆ ಅಂಚು ಹೊರಗೆ ಚಾಚೋದೇ ಇಲ್ಲ, ಗೋಡೆ ತಲೆಗೇ ಸರಿಯಾಗಿ ನಿಲ್ತದೆ. ಚಾಚಿದ್ರೆ ಬಿರುಗಾಳಿ ಅಡಿಯಿಂದ ಕೈಹಾಕಿ ಇಡೀ ಮಾಡು ಎತ್ತಿಬಿಡ್ತದೆ.

ಫೋಟೋ ನೋಡಿ ನಕಲು ಮಾಡುವವರು ಸೋಲೋದು ಇದರಲ್ಲೇ. ಪಶ್ಚಿಮ ಐರ್‌ಲ್ಯಾಂಡಲ್ಲಿ ವರ್ಷಕ್ಕೆ ಸಾವಿರದಿಂದ 1400 ಮಿಲಿಮೀಟರ್ ಮಳೆ, ಅದೂ ವರ್ಷ ಪೂರ್ತಿ ಹನಿ ಹನಿಯಾಗಿ. ನಮ್ಮಲ್ಲಿ ಮೂರು ಸಾವಿರ ದಾಟ್ತದೆ, ಹೆಚ್ಚಿನದ್ದೆಲ್ಲ ಜೂನಿಂದ ಸೆಪ್ಟೆಂಬರ್ ಒಳಗೆ. ಚಾಚದ ಮಾಡು ಇಲ್ಲಿ ಹಾಕಿದ್ರೆ ಮಣ್ಣುಗಾರೆಯ ಗೋಡೆ ಒಂದೇ ಮಳೆಗಾಲಕ್ಕೆ ತೊಳೆದು ಹೋಗ್ತದೆ. ಹಗ್ಗದ ಬಿಗಿತ ಬೇಕಾದ್ರೆ ತಗೊಳ್ಳಿ, ಬಯಲಲ್ಲಿ ಮನೆ ಇರೋರಿಗೆ ತೆಂಗಿನ ನಾರಿನ ಹಗ್ಗ ಒಳ್ಳೇದೇ, ಅಂಚು ಮಾತ್ರ ನಮ್ಮದೇ ಇರ್ಲಿ. ಮುಳಿಹುಲ್ಲು ಕೊಯ್ಯೋದು ಒಣಗಿದ ಮೇಲೆ, ಹಸಿ ಇರುವಾಗ ಕಟ್ಟಿದ್ರೆ ಒಳಗೆ ಬೂಷ್ಟು ಹಿಡೀತದೆ. ಮುಳಿ ಸಿಗದಿದ್ರೆ ಹೆಣೆದ ಮಡಲು ಅಡಿಗೆ, ಮೇಲೆ ಅಡಿಕೆ ಸೋಗೆ, ಅದೂ ಆಗ್ತದೆ.

ಸುಣ್ಣ, ಆಮೇಲಿನ ಕೆಲಸ

ಆ ಬಿಳಿ ಬಣ್ಣ ಪೇಂಟ್ ಅಲ್ಲ. ಸುಣ್ಣದ ಕಲ್ಲನ್ನು ಪೀಟ್ ಹಾಕಿ ಗೂಡಲ್ಲಿ ಸುಟ್ಟು, ನೀರಲ್ಲಿ ಅರಳಿಸಿ, ತೆಳುವಾಗಿ ಪದರ ಪದರ ಬಳಿಯೋದು, ನೀರು ಜಾರೋಕೆ ಕೆಲವರು ಅದಕ್ಕೆ ದನದ ಕೊಬ್ಬು ಸೇರಿಸ್ತಿದ್ರು. ಗೋಡೆ ಒಳಗಿನ ತೇವ ಸುಣ್ಣದ ಮೂಲಕ ಹೊರಗೆ ಆರಿ ಹೋಗ್ತದೆ. ಸಿಮೆಂಟ್ ಬಳಿದ್ರೆ ಸಿಕ್ಕಿದ ಬಿರುಕಲ್ಲಿ ನೀರು ಒಳಗೆ ಹೋಗ್ತದೆ, ಹೊರಗೆ ಬರೋಕೆ ದಾರಿ ಇಲ್ಲ, ಗೋಡೆ ಒಳಗಿಂದೊಳಗೇ ಕರಗಿ ಒಂದು ದಿನ ಸಿಮೆಂಟಿನ ಚಿಪ್ಪು ಮಾತ್ರ ಉಳೀತದೆ. ಐರ್‌ಲ್ಯಾಂಡಲ್ಲಿ ಹಳೆ ಮನೆ ರಿಪೇರಿ ಮಾಡೋರು ಈಗ ಮಾಡ್ತಿರೋ ದೊಡ್ಡ ಕೆಲಸವೇ ಹಿಂದಿನವರು ಹಾಕಿದ ಸಿಮೆಂಟ್ ಕೆತ್ತಿ ತೆಗೆಯೋದು. ನಿಮ್ಮ ಅಜ್ಜನ ಕಾಲದ ಮಣ್ಣಿನ ಮನೆ ಇನ್ನೂ ಉಂಟು ಅಂತಾದ್ರೆ, ಇದಿಷ್ಟರಲ್ಲಿ ಬೇರೆ ಏನೂ ಮಾಡದಿದ್ರೂ ಪರವಾಗಿಲ್ಲ, ಅದಕ್ಕೆ ಸಿಮೆಂಟ್ ಮಾತ್ರ ಬಳೀಬೇಡಿ. ಚಿಪ್ಪಿನ ಸುಣ್ಣ ನಮ್ಮ ಕರಾವಳಿಯದ್ದೇ, ಮಳೆ ಹೋದ ಮೇಲೆ ನವೆಂಬರ್ ಡಿಸೆಂಬರಲ್ಲಿ, ಗೋಡೆ ಒದ್ದೆ ಮಾಡಿಕೊಂಡು, ಬಿಸಿಲು ನೇರ ಬೀಳದ ಹೊತ್ತಲ್ಲಿ ಬಳೀರಿ. ದಪ್ಪಗೆ ಒಂದೇ ಸಲ ಬಳಿದ್ರೆ ಹಪ್ಪಳ ಎದ್ದು ಉದುರ್ತದೆ.

ನೆಲ ಅಲ್ಲಿ ತುಳಿದ ಜೇಡಿ, ಆಮೇಲಾಮೇಲೆ ಹಾಸುಗಲ್ಲು. ಕೆಲವು ಮನೆಗಳಲ್ಲಿ ನೆಲದ ಅಡಿಗೆ ಕುದುರೆ ತಲೆಬುರುಡೆ ಹೂಳ್ತಿದ್ರಂತೆ, ಕುಣಿಯುವಾಗ ಸದ್ದು ಚೆನ್ನಾಗಿ ಬರ್ಲಿ ಅಂತ. ನಮಗೆ ಸೆಗಣಿ ಸಾರಿಸಿದ್ರೆ ಸಾಕು, ಇಲ್ಲಾ ರೆಡ್ ಆಕ್ಸೈಡ್.

ಹುಲ್ಲು ಹಾಳಾದಾಗ ಪೂರ್ತಿ ಕಿತ್ತು ಬಿಸಾಡೋದು ಅವರ ಕ್ರಮ ಅಲ್ಲ, ಕೊಳೆತ ಮೇಲಿನ ಪದರ ಮಾತ್ರ ತೆಗೆದು ಹೊಸದು ಹೊದೆಸ್ತಾರೆ, ಹಾಗಾಗಿ ಕೆಲವು ಮಾಡುಗಳ ಅಡಿಯ ಪದರ ನೂರಾರು ವರ್ಷ ಹಳೇದು. ಮಸಿ ಹಿಡಿದು ತೆಗೆದ ಹುಲ್ಲು ಹೊಲಕ್ಕೆ ಗೊಬ್ಬರ. ಜೊಂಡಿನದ್ದು ಮೂವತ್ತು ವರ್ಷ ಬಾಳ್ತದೆ, ಓಟ್ಸ್ ಹುಲ್ಲಿನದ್ದು ಕೆಲವೇ ವರ್ಷ. ಮುಳಿಗೆ ನಮ್ಮ ಮಳೆಯಲ್ಲಿ ಅಂಥ ಆಯುಸ್ಸಿಲ್ಲ, ಒಂದೆರಡು ವರ್ಷಕ್ಕೊಮ್ಮೆ ಮೇಲಿನ ಪದರಕ್ಕೆ ಕೈ ಹಾಕ್ಲೇಬೇಕು, ಅದಕ್ಕೆ ಆಳು, ಹುಲ್ಲು ಎರಡೂ ಮೇ ತಿಂಗಳ ಮೊದಲೇ ಹೇಳಿಟ್ಟುಕೊಳ್ಳಿ. ಮಾಡಿನ ಮೇಲೆ ಬಗ್ಗಿದ ಮರದ ಕೊಂಬೆ ಇದ್ರೆ ಅದೇ ಹೊತ್ತಿಗೆ ಕಡಿಸಿ, ನೆರಳು ಬಿದ್ದ ಕಡೆ ಹುಲ್ಲು ಆರೋದಿಲ್ಲ, ಪಾಚಿ ಕಟ್ಟೋದು ಅಲ್ಲಿಂದಾನೇ ಶುರು.